ದೋಣಿ ಮಾಸ್ತರರ ಏಣಿ

ಚೀಟಿ ಬಿಚ್ಚಿದ ಅಧಿಕಾರಿ ಕನ್ನಡಕ ಸರಿಮಾಡಿಕೊಂಡು, "ದೋಣಿ, ಗಿರಣಿ ಸಾಹುಕಾರರಿಗೆ" ಎಂದಾಗ ರಮಾನಂದ ಮಾಸ್ತರರಿಗೆ ಮುಂದಿನ ಮಾತು ಕೇಳಿಸಲೇ ಇಲ್ಲ. ಒಂದು ಹಿತ್ತಾಳೆಯ ಲೋಟ, ಅದರೊಳಗೆ ಮಡಚಿ ಹಾಕಿದ ಎರಡು ಚೀಟಿ. ಇಷ್ಟರಲ್ಲಿ ಐದು ವರ್ಷದ ಶಾಸಕಗಿರಿಯ ಬುಡವೇ ಅಲುಗಾಡಿತು ಎಂದರೆ ಯಾರು ನಂಬುತ್ತಾರೆ? ಆದರೆ ಪಕ್ಷವಿಲ್ಲದೆ ಸ್ವತಂತ್ರವಾಗಿ ನಿಂತವರಿಗೆ ಚಿಹ್ನೆ ಖಾಯಂ ಅಲ್ಲವಲ್ಲ. ಒಂದನ್ನೇ ಇಬ್ಬರು ಕೇಳಿದರೆ ಚೀಟಿ ಎತ್ತಬೇಕು. ಕುಮಟೆಯ ಅಕ್ಕಿ ಗಿರಣಿಯ ಸಾಹುಕಾರರು ಬೇಕೆಂದೇ ದೋಣಿ ಕೇಳಿದ್ದರು, ಅವರಿಗೇ ಸಿಕ್ಕಿತು. ಉಳಿದ ಚಿಹ್ನೆಗಳಲ್ಲಿ ಮಾಸ್ತರರ ಪಾಲಿಗೆ ಬಂದದ್ದು ಏಣಿ.

"ಏಣಿ ಎಂತ ಕಮ್ಮಿಯಾ ಮಾಸ್ತರೇ? ಮೇಲೆ ಹತ್ತೂದೇ ಅಲ್ವಾ?" ಹೊರಗೆ ಬಂದ ಮೇಲೆ ಜಟ್ಟಿ ಸಮಾಧಾನ ಹೇಳಿದ. ಹಳದೀಪುರದಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟವನು ಈ ಜಟ್ಟಿ. ಚುನಾವಣೆ ಬಂತೆಂದರೆ ಅಂಗಡಿಗೆ ಬೀಗ ಜಡಿದು ಮಾಸ್ತರರ ಬೆನ್ನಿಗೆ ನಿಲ್ಲುತ್ತಿದ್ದ.

"ಇಳಿಯೂದೂ ಅದ್ರಲ್ಲೇ ಮಾರಾಯ" ಎಂದರು ಮಾಸ್ತರರು.

ಅವರ ಸಂಕಟ ಸುಮ್ಮನೆ ಬಂದದ್ದಲ್ಲ. ಐವತ್ತೇಳನೆಯ ಇಸವಿಯಲ್ಲಿ ಶಾಲೆಯ ನೌಕರಿ ಬಿಟ್ಟು ಮೊದಲ ಸಲ ನಿಂತಾಗ ಅವರ ಚಿಹ್ನೆ ದೋಣಿಯಾಗಿತ್ತು. ಆಗ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಚಿಹ್ನೆಯ ಚಿತ್ರ. ಹೊಳೆ ಬದಿಯ ಜನ, ಕಡಲ ಬದಿಯ ಜನ ದೋಣಿಯ ಚಿತ್ರ ಕಂಡದ್ದೇ ತಡ, ಕೈಮುಗಿದು ಚೀಟಿ ಹಾಕಿ ಬಂದರು. ಅಂದಿನಿಂದ ರಮಾನಂದ ನಾಯ್ಕ ಎಂಬ ಹೆಸರು ಕಾಗದಪತ್ರದಲ್ಲಿ ಮಾತ್ರ ಉಳಿಯಿತು. ಊರಿಗೆಲ್ಲ ಅವರು ದೋಣಿ ಮಾಸ್ತರು.

ಆ ಸಲ ಮತ ಎಣಿಸುವಾಗ ಅವರ ಪೆಟ್ಟಿಗೆಯೊಳಗೆ ಚೀಟಿಗಳ ಜೊತೆಗೆ ಒಂದು ಅರ್ಜಿ ಸಿಕ್ಕಿತ್ತು. "ದೋಣಿ ಸಾಹೇಬರಿಗೆ. ನಮ್ಮ ಕೇರಿ ಬಾವಿಯ ನೀರು ಉಪ್ಪು. ಗುಡ್ಡದ ಬುಡದಲ್ಲಿ ಒಂದು ಸಿಹಿನೀರಿನ ಬಾವಿ ಮಾಡಿಸಿಕೊಡಬೇಕು. ಅಘನಾಶಿನಿಯ ಅಂಬಿಗರ ಕೇರಿ, ದುರ್ಗಮ್ಮ." ಕೆಳಗೆ ಹೆಬ್ಬೆಟ್ಟಿನ ಗುರುತು. ಎಣಿಸುವವರೆಲ್ಲ ಬಿದ್ದು ಬಿದ್ದು ನಕ್ಕರು. ಮಾಸ್ತರರು ನಗಲಿಲ್ಲ, ಅವರ ಕಣ್ಣು ತುಂಬಿ ಬಂತು. ಅದು ಸುಳ್ಳಲ್ಲ, ನಿಜವಾಗಿಯೂ ತುಂಬಿ ಬಂತು. ಅರ್ಜಿಯನ್ನು ಮಡಚಿ ಕೋಟಿನ ಒಳಕಿಸೆಯಲ್ಲಿಟ್ಟುಕೊಂಡರು. ಬೆಂಗಳೂರಿನ ವಿಧಾನಸಭೆಯಲ್ಲಿ ಮಾಡಿದ ಮೊದಲ ಭಾಷಣದಲ್ಲಿ ಅದನ್ನು ಹೊರತೆಗೆದು ಓದಿದರು. ಮೇಜು ಕುಟ್ಟಿದ್ದೇ ಕುಟ್ಟಿದ್ದು! ಪೇಪರಿನಲ್ಲೂ ಬಂತು. ಆಮೇಲೆ ಹೊನ್ನಾವರದ ಸಭೆಯಲ್ಲಿ ಓದಿದರು, ಭಟ್ಕಳದ ಶಾಲೆಯ ವಾರ್ಷಿಕೋತ್ಸವದಲ್ಲಿ ಓದಿದರು. ಮಡಿಕೆಯಲ್ಲಿ ಕಾಗದ ಹರಿಯತೊಡಗಿದಾಗ ಹೆಂಡತಿ ಗಣಪಿ ಅನ್ನದ ಅಗುಳು ತಿಕ್ಕಿ ಹಿಂದಿನಿಂದ ಕಾಗದ ಅಂಟಿಸಿಕೊಟ್ಟಳು.

"ಅಲ್ಲ, ಆ ಬಾವಿ ಆತಾ?" ಎಂದು ಕೇಳಿದ್ದೂ ಅವಳೇ.

"ಫೈಲು ಹೋಗಿದೆ" ಎಂದಿದ್ದರು ಮಾಸ್ತರರು. ಹೋದದ್ದೂ ಹೌದು. ಎಲ್ಲೋ ಹೋಗಿ ಕೂತಿತು. ಎರಡು ಸಲ ವಿಚಾರಿಸಿದರು, ಮೂರನೆಯ ಸಲ ಮರೆತರು.

ಈಗ ಅರವತ್ತೆರಡರ ಚುನಾವಣೆಗೆ ಇಪ್ಪತ್ತೇ ದಿನ. ಜಟ್ಟಿ ಒಂದು ಉದ್ದನೆಯ ಬಿದಿರಿನ ಏಣಿ ತಂದು ಜೀಪಿನ ಮೇಲೆ ಕಟ್ಟಿದ, ಅದರ ತುದಿಗೊಂದು ಕೆಂಪು ಬಟ್ಟೆ. ಊರೂರಿಗೆ ಏಣಿ ಮೆರವಣಿಗೆ ಹೊರಟಿತು. ಮಾಸ್ತರರು ಶಾಲೆಯ ಹಳೆಯ ಚಾಳಿಯಂತೆ ಜನರನ್ನು ನಿಲ್ಲಿಸಿ ಹೇಳಿಸುತ್ತಿದ್ದರು: "ನನ್ನ ಗುರುತು ಯಾವುದು?" "ಏಣಿ!" "ದೋಣಿ ಯಾರದ್ದು?" ಇಲ್ಲಿಗೆ ಬಂದಾಗ ಜನ ಮುಖಮುಖ ನೋಡುತ್ತಿದ್ದರು. ಕರ್ಕಿಯಲ್ಲಿ ಒಬ್ಬ ಮುದುಕ ಅವರ ಎರಡೂ ಕೈ ಹಿಡಿದು, "ನೀವು ಹೆದ್ರಬೇಡಿ. ನನ್ನ ಜೀಂವ ಇರೂವರೆಗೂ ದೋಣಿ ಬಿಟ್ಟು ಬೇರೆದಕ್ಕೆ ಹಾಕೂವವ ಅಲ್ಲ" ಎಂದ. ಮಾಸ್ತರರು ಬಿಡಿಸಿ ಹೇಳಿದರು. ಮುದುಕ ತಲೆಯಾಡಿಸಿದ. ಜೀಪು ಹೊರಟಾಗ ಹಿಂದಿನಿಂದ ಕೂಗಿದ, "ದೋಣಿ ಮಾಸ್ತರಿಗೆ ಜಯವಾಗಲಿ!"

ಊಟ ಸೇರುತ್ತಿರಲಿಲ್ಲ. ಗಣಪಿ ಬಡಿಸಿದ ಗಂಜಿ ತಟ್ಟೆಯಲ್ಲೇ ಆರುತ್ತಿತ್ತು. ಸೋತರೆ ಏನು? ಶಾಲೆಯ ನೌಕರಿ ಬಿಟ್ಟಾಗಿತ್ತು. ದಾರಿಯಲ್ಲಿ ಬಸ್ಸು ನಿಲ್ಲಿಸಿ ನಮಸ್ಕಾರ ಮಾಡುವ ಡ್ರೈವರ್, ಎದ್ದು ಕುರ್ಚಿ ಕೊಡುವ ಗುಮಾಸ್ತ, ಇವರೆಲ್ಲ ನಾಳೆ ಕಂಡೂ ಕಾಣದಂತೆ ಹೋದರೆ?

ಎಲ್ಲಕ್ಕಿಂತ ಹೆಚ್ಚಿನ ಚಿಂತೆ ಅಂಬಿಗರ ಕೇರಿಯದು. ಅಲ್ಲಿ ಇನ್ನೂರು ಚಿಲ್ಲರೆ ಮತ, ಎಲ್ಲ ದುರ್ಗಮ್ಮನ ಮಾತಿನ ಮೇಲೆ. ಹೊಳೆಯ ಕೆಸರಿನಲ್ಲಿ ಬಳಚು ಎಂಬ ಚಿಪ್ಪಿನ ಮೀನು ಹೆಕ್ಕಿ, ಬುಟ್ಟಿ ಹೊತ್ತು ಕುಮಟೆ ಪೇಟೆಗೆ ಮಾರಲು ಬರುವ ಗಟ್ಟಿ ಹೆಂಗಸು. ಮಾಸ್ತರರು ಅಲ್ಲಿಗೆ ಮೂರು ಸಲ ಹೋದರು. ಮೂರನೆಯ ಸಲ ಏಣಿಯನ್ನೇ ಇಳಿಸಿ ಅವಳ ಮನೆ ಮುಂದಿನ ಹೊನ್ನೆ ಮರಕ್ಕೆ ಒರಗಿಸಿದರು.

"ಇಲ್ಲೇ ಇರಲಿ ದುರ್ಗಮ್ಮ. ದಿನಾ ಕಣ್ಣಿಗೆ ಬೀಳ್ತಿದ್ರೆ ಮರೆಯುವುದಿಲ್ಲ."

ಅವಳು ಏಣಿಯ ಮೆಟ್ಟಿಲನ್ನು ಕೈಯಲ್ಲಿ ಜಗ್ಗಿ ನೋಡಿದಳು. "ಗಟ್ಟಿ ಉಂಟು. ಇರ್ಲಿ, ಕೆಲ್ಸಕ್ಕೆ ಬತ್ತದೆ" ಎಂದಳು. ಬಾವಿಯ ಮಾತು ಅವಳೂ ಎತ್ತಲಿಲ್ಲ, ಮಾಸ್ತರರೂ ಎತ್ತಲಿಲ್ಲ.

ಮತದಾನದ ದಿನ ಬೆಳಿಗ್ಗೆಯೇ ಮಾಸ್ತರರು ಅಘನಾಶಿನಿಯ ಶಾಲೆಯ ಹೊರಗೆ, ರಸ್ತೆಯಾಚೆ ಬಂದು ನಿಂತರು. ಈ ಸಲ ಪೆಟ್ಟಿಗೆ ಒಂದೇ. ಒಂದೇ ಕಾಗದದ ಮೇಲೆ ಎಲ್ಲರ ಚಿಹ್ನೆಗಳು, ಬೇಕಾದದ್ದಕ್ಕೆ ಮೊಹರು ಒತ್ತಿ ಮಡಚಿ ಹಾಕಬೇಕು. ದುರ್ಗಮ್ಮ ಎಲ್ಲರಿಗಿಂತ ಮೊದಲು ಹೋಗಿ ಬಂದಳು. "ಆತು ಮಾಸ್ತರೇ" ಎಂದು ಶಾಯಿ ಹಚ್ಚಿದ ಬೆರಳು ತೋರಿಸಿ ಮನೆ ಕಡೆ ನಡೆದಳು. ಯಾವುದಕ್ಕೆ ಎಂದು ಕೇಳಲು ಮಾಸ್ತರರಿಗೆ ನಾಲಿಗೆ ಏಳಲಿಲ್ಲ. ಅವಳ ಹಿಂದೆಯೇ ಬಂದ ಅವಳ ಸೊಸೆ ಕಮಲಿ ಜಟ್ಟಿಯ ಹತ್ತಿರ ದೊಡ್ಡದಾಗಿಯೇ ಹೇಳಿದಳು, "ದೋಣಿ ಎಲ್ಲದ್ರ ಕೆಳಗಿತ್ತು ಮಾರಾಯ್ರೇ. ಹುಡ್ಕಿ ಒತ್ತಿ ಬಂದೆ."

ಮಾಸ್ತರರು ಸಾಲು ನೋಡಿದರು. ಕೇರಿಯ ಹೆಂಗಸರು ಇನ್ನೂ ಒಬ್ಬರ ಹಿಂದೊಬ್ಬರು ನಿಂತಿದ್ದರು. ಏಣಿ ಎಂದು ಒಂದೇ ಒಂದು ಮಾತು ಕೂಗಿದರೆ ಸಾಕಿತ್ತು. ಆದರೆ ಬಾಗಿಲಲ್ಲಿ ಪೊಲೀಸ್ ನಿಂತಿದ್ದ, ಪ್ರಚಾರ ಮಾಡುವಂತಿಲ್ಲ. ಅಯ್ಯೋ ದೇವರೇ, ಏನು ಮಾಡಲಿ ಎಂದು ಮಾಸ್ತರರು ಎರಡೂ ಕೈ ಎತ್ತಿ, ಗಾಳಿಯಲ್ಲಿ ಒಂದೊಂದೇ ಮೆಟ್ಟಿಲು ಹಿಡಿದು ಹತ್ತುವಂತೆ ಮಾಡಿ ತೋರಿಸಿದರು. ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಪೊಲೀಸನೂ ನಕ್ಕ.

ನೂರಾ ಹನ್ನೆರಡು ಮತಗಳಿಂದ ಮಾಸ್ತರರು ಸೋತರು. ಅಘನಾಶಿನಿಯ ಆ ಪೆಟ್ಟಿಗೆಯಲ್ಲಿ ದೋಣಿಗೆ ಇನ್ನೂರಾ ಮೂವತ್ತೊಂದು, ಏಣಿಗೆ ಹದಿನಾಲ್ಕು.

ಸೋಲಿನ ಮಾರನೆಯ ದಿನದಿಂದಲೇ ಸಮಾಧಾನ ಹೇಳುವವರ ದಂಡು. "ಪಾಪದ ಜನ, ನೀವೇ ಅಂತ ದೋಣಿಗೆ ಒತ್ತಿದ್ರು. ನಿಮ್ಮ ಮೇಲಿನ ಪ್ರೀತಿಯೇ ನಿಮ್ಮನ್ನ ಸೋಲಿಸ್ತು." ಈ ಮಾತು ಮಾಸ್ತರರಿಗೆ ಎಷ್ಟು ಹಿತವಾಯಿತೆಂದರೆ, ಎರಡೇ ವಾರದಲ್ಲಿ ಅವರೇ ಅದನ್ನು ಇತರರಿಗೆ ಹೇಳತೊಡಗಿದರು. ಬಸ್ಸಿನಲ್ಲಿ ಹೇಳಿದರು, ಹೊನ್ನಾವರದ ಚಾದಂಗಡಿಯಲ್ಲಿ ಹೇಳಿದರು. ಅರವತ್ತೇಳರಲ್ಲಿ ದೋಣಿ ಮತ್ತೆ ಸಿಕ್ಕಿದರೆ ಗೆಲುವು ಕಿಸೆಯಲ್ಲಿದ್ದಂತೆ. ಗಂಜಿ ಮತ್ತೆ ಹೊಟ್ಟೆಗೆ ಇಳಿಯಿತು.

"ಆ ದುರ್ಗಮ್ಮ ಅಷ್ಟು ದಡ್ಡಿಯಾ?" ಎಂದು ಗಣಪಿ ಒಂದು ದಿನ ಬಡಿಸುತ್ತಾ ಕೇಳಿದಳು.

"ನಿನಗೆ ಎಂತದೂ ತಿಳಿಯೂದಿಲ್ಲ" ಎಂದು ಮಾಸ್ತರರು ಸಿಡುಕಿದರು. ಆದರೆ ಆ ಮಾತು ಮೀನಿನ ಮುಳ್ಳಿನಂತೆ ಗಂಟಲಲ್ಲೇ ಉಳಿಯಿತು. ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಕೊಡೆ ಹಿಡಿದುಕೊಂಡು ಹೊರಟೇಬಿಟ್ಟರು. ತಪ್ಪು ಮಾಡಿದೆನಲ್ಲಾ ಎಂದು ಆ ಹೆಂಗಸು ಕೊರಗುತ್ತಿರಬೇಕು, ಒಂದು ಮಾತು ಸಮಾಧಾನ ಹೇಳಬೇಕು ಎಂದು ತಮಗೆ ತಾವೇ ಹೇಳಿಕೊಂಡರು. ಕುಮಟೆಯ ತನಕ ಬಸ್ಸು, ಅಲ್ಲಿಂದ ನಡಿಗೆ. ಈಗ ಜೀಪು ಇರಲಿಲ್ಲ.

ಕೇರಿಯಲ್ಲಿ ಯಾರೂ ಕಾಣಲಿಲ್ಲ. ಹೊನ್ನೆ ಮರದ ಬುಡದಲ್ಲಿ ಏಣಿಯೂ ಇರಲಿಲ್ಲ. ಗುಡ್ಡದ ಬುಡದಿಂದ ಮಾತು ಕೇಳಿಸಿತು. ಹೋಗಿ ನೋಡಿದರೆ ಕೆಂಪು ಮಣ್ಣಿನ ದೊಡ್ಡ ರಾಶಿ, ಅದರ ಪಕ್ಕ ಹೊಸದಾಗಿ ತೋಡಿದ ಗುಂಡಿ. ಗುಂಡಿಯ ಬಾಯಿಂದ ಏಣಿಯ ಮೇಲಿನ ಎರಡು ಮೆಟ್ಟಿಲು ಹೊರಗೆ ಕಾಣುತ್ತಿದ್ದವು. ಕೆಂಪು ಬಟ್ಟೆ ಬಿಸಿಲಿಗೆ ಮಾಸಿ ಇನ್ನೂ ತುದಿಯಲ್ಲೇ ಇತ್ತು. ಕಮಲಿ ಏಣಿ ಹಿಡಿದು ನಿಂತಿದ್ದಳು, ದುರ್ಗಮ್ಮ ಹಗ್ಗದಲ್ಲಿ ಮಣ್ಣಿನ ಬುಟ್ಟಿ ಎಳೆಯುತ್ತಿದ್ದಳು.

"ಓ, ಮಾಸ್ತರು! ಬನ್ನಿ" ಎಂದಳು.

ಮಾಸ್ತರರು ದಾರಿಯುದ್ದ ಕೂಡಿಸಿಟ್ಟ ಮಾತನ್ನೇ ಹೇಳಿದರು. "ದುರ್ಗಮ್ಮ, ನೀನು ಬೇಜಾರು ಮಾಡ್ಬೇಡ. ತಪ್ಪು ಎಲ್ಲರಿಗೂ ಆಗ್ತದೆ."

"ಎಂತ ತಪ್ಪು?"

"ಅದೇ, ನಾನು ಅಂದ್ಕೊಂಡು ದೋಣಿಗೆ ಒತ್ತಿದ್ದು."

ದುರ್ಗಮ್ಮ ಬುಟ್ಟಿ ಕೆಳಗಿಟ್ಟು ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ಅಲ್ಲ ಮಾಸ್ತರೇ, ಏಣಿ ಏಣಿ ಹೇಳಿ ಮೂರು ಸಲ ಬಂದು ಹೋದ್ರಿ. ತಂದು ಬಾಗ್ಲಲ್ಲೇ ಇಟ್ಟ್ರಿ. ನಮ್ಗೆ ಅಷ್ಟೂ ತಿಳೂದಿಲ್ವಾ?"

ಮಾಸ್ತರರು ಕೊಡೆಯನ್ನು ನೆಲಕ್ಕೆ ಊರಿದರು. "ಹಾಗಾದ್ರೆ ಸಾಹುಕಾರರಿಗೆ ಯಾಕೆ..."

"ಅವ್ರ ಮುಖ ಯಾರು ಕಂಡವ್ರು? ದೋಣಿ ನಮ್ದು. ನಿಮ್ದೂ ಅಲ್ಲ, ಅವ್ರದ್ದೂ ಅಲ್ಲ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಮಾಸ್ತರರಿಗೆ ಎಷ್ಟೋ ಸುಲಭವಾಗುತ್ತಿತ್ತು.

ಅವರ ಕೈ ತಾನಾಗಿ ಕೋಟಿನ ಒಳಕಿಸೆಗೆ ಹೋಯಿತು. "ನಿನ್ನ ಅರ್ಜಿ ಇವತ್ತಿಗೂ ನನ್ನ ಹತ್ರ ಉಂಟು ದುರ್ಗಮ್ಮ."

"ಇಟ್ಕಳಿ" ಎಂದಳು ಅವಳು. "ನಮ್ಗೆ ಈಗ ಅದ್ರ ಕೆಲ್ಸ ಇಲ್ಲ. ಏಣಿ ಬೇಕಿತ್ತಾ? ನೀರು ಬಿದ್ದ ಮೇಲೆ ಕೊಡ್ತೆವು."

ಬುಟ್ಟಿ ತುಂಬಿತ್ತು. ಕಮಲಿ ಅದನ್ನು ತಲೆಗೇರಿಸಿಕೊಂಡು ರಾಶಿಯ ಕಡೆ ನಡೆದಳು. ಕೆಳಗಿನಿಂದ ಯಾರೋ ಹತ್ತಲು ಕಾಲಿಟ್ಟಿರಬೇಕು, ಏಣಿ ಒಮ್ಮೆ ವಾಲಿತು. "ಅದನ್ನ ಚೂರು ಹಿಡ್ಕಳಿ ಮಾಸ್ತರೇ" ಎಂದು ದುರ್ಗಮ್ಮ ಹಗ್ಗ ಸುತ್ತುತ್ತಲೇ ಹೇಳಿದಳು. ಮಾಸ್ತರರು ಕೊಡೆ ಅಲ್ಲೇ ಬಿಸಾಡಿ ಎರಡೂ ಕೈಯಲ್ಲಿ ಹಿಡಿದರು.

"ಮೇಲೆ ಯಾರು ಹಿಡ್ಕಂಡದ್ದು?" ಗುಂಡಿಯೊಳಗಿಂದ ದುರ್ಗಮ್ಮನ ತಮ್ಮ ಶನಿಯಾರ ಕೂಗಿದ.

"ಮಾಸ್ತರು" ಎಂದಳು ದುರ್ಗಮ್ಮ.

"ಯಾವ ಮಾಸ್ತರು? ದೋಣಿ ಮಾಸ್ತರಾ?"

"ಹೌದು."

ಏಣಿಯ ಅಲುಗಾಟ ನಿಂತಿತು.

"ಬೇರೆ ಯಾರೂ ಇಲ್ವಾ ಅಲ್ಲಿ?"

ದುರ್ಗಮ್ಮ ಸುತ್ತಿದ ಹಗ್ಗ ಕೆಳಗಿಟ್ಟಳು. ಮಾಸ್ತರರು ಚಪ್ಪಲಿ ಕಳಚಿ, ಸಡಿಲ ಮಣ್ಣಿನಲ್ಲಿ ಪಾದ ಊರಿ, ಬಿದಿರನ್ನು ಎದೆಗೆ ಒತ್ತಿ ಹಿಡಿದು ಕಾದರು. ಬಹಳ ಹೊತ್ತಿನ ಮೇಲೆ ಏಣಿ ಮತ್ತೆ ಮೆಲ್ಲಗೆ ಅಲುಗಿತು. ಒಂದೊಂದೇ ಮೆಟ್ಟಿಲಾಗಿ, ಕೆಳಗಿನವನ ಭಾರ ಅವರ ಅಂಗೈಗೆ ಬರತೊಡಗಿತು.