ಒದ್ದೆ ನಿಶಾನೆ

ಹೆಮ್ಮಾಡಿ ಪೇಟೆಯಲ್ಲಿ ಹೈವೇಗೆ ಮುಖ ಮಾಡಿ ಆ ಫ್ಲೆಕ್ಸ್ ಎದ್ದು ಮೂರು ದಿನವಾಗಿರಲಿಲ್ಲ, ಕಿಟ್ಟನಿಗೆ ಪೇಟೆಗೆ ಬರುವುದೇ ಬೇಡವಾಯಿತು.

ಫ್ಲೆಕ್ಸಿನಲ್ಲಿದ್ದವನು ಅವನೇ. ಮುಂದೆ ಜೋಡಿ ಕೋಣ, ಹಿಂದೆ ಅವು ಎಳೆಯುವ ಕನೆಹಲಗೆಯ ಮೇಲೆ ಕಾಲೂರಿ ನಿಂತ ಕಿಟ್ಟ, ಹಲಗೆಯ ತೂತುಗಳಿಂದ ಚಿಮ್ಮಿದ ನೀರು. ಕಂಬಳದ ಈ ಓಟದಲ್ಲಿ ವೇಗದ ಮಾತಿಲ್ಲ. ಗದ್ದೆಯ ಮೇಲೆ ಏಳೂವರೆ ಕೋಲು ಎತ್ತರಕ್ಕೆ ಅಡ್ಡ ಕಟ್ಟಿದ ಬಿಳಿ ಬಟ್ಟೆಗೆ, ಅಂದರೆ ನಿಶಾನೆಗೆ, ನೀರು ತಾಗಬೇಕು. ಅಷ್ಟೇ. 2009ರ ಜನವರಿಯ ಆ ಕಂಬಳದಲ್ಲಿ ತಾಗಿದ್ದು ಕಿಟ್ಟನ ನೀರು ಮಾತ್ರ.

ಫ್ಲೆಕ್ಸಿನಲ್ಲಾದರೋ ಅದು ನಿಶಾನೆಯನ್ನು ದಾಟಿ ಮೋಡದವರೆಗೂ ಹೋಗಿತ್ತು.

"ಹ್ವಾಯ್ ಕಿಟ್ಟ," ಸೋಡಾ ಅಂಗಡಿಯಿಂದ ಕೂಗು ಬಂತು, "ಬಪ್ಪ ವರ್ಷ ಕೋಣ ಎಂತಕಾ? ಮೌಸ್ ಹಿಡ್ಕಂಡ್ ಓಡ್!"

ಎರಡನೆಯವನಾಗಿ ನಿಂತ ಬೈಂದೂರಿನ ರಾಜೀವ ಅಂಗಡಿ ಅಂಗಡಿಗೆ ಹೋಗಿ ಒಂದೇ ಪ್ರಶ್ನೆ ಕೇಳುತ್ತಿದ್ದ. "ನೀರ್ ಬಟ್ಟೆ ದಾಟಿ ಹೋದ್ರೆ ಬಟ್ಟೆ ಹ್ಯಾಂಗೆ ಬೆಳ್ಳಗಿತ್ತ್ ಮಾರಾಯ್ರೆ? ಅದ್ ಕೆಸರ್ ನೀರ್ ಅಲ್ದಾ?"

ಕಂಬಳದಲ್ಲಿ ತೀರ್ಪು ಕೊಟ್ಟವರು ಕಿಟ್ಟ ಓಡಿಸುವ ಕೋಣಗಳ ಯಜಮಾನರ ಭಾವ. ಹಾಗಾಗಿ ಪ್ರಶ್ನೆ ಊರಿಗೆ ಅಂಟಿಕೊಂಡಿತು. ಕಂಬಳ ಸಮಿತಿಯ ಹಿರಿಯರಾದ ಕೊರಗ ಶೆಟ್ಟರು ಭಾನುವಾರ ತಮ್ಮ ಮನೆಯಲ್ಲಿ ಸಭೆ ಕರೆದರು. ಗೆಲುವು ನಿಲ್ಲದಿದ್ದರೆ ಮುಂದಿನ ವರ್ಷ ಹಲಗೆಯ ಮೇಲೆ ಬೇರೆಯವನು ನಿಲ್ಲುತ್ತಾನೆಂದು ಯಜಮಾನರು ಹೇಳಿಬಿಟ್ಟರು.

ಶನಿವಾರ ಮಧ್ಯಾಹ್ನ ಕಿಟ್ಟ ಸ್ಟುಡಿಯೋದ ಮೆಟ್ಟಿಲು ಹತ್ತಿದ. ಫೋಟೋ ತೆಗೆದವನೂ ಫ್ಲೆಕ್ಸ್ ಮಾಡಿದವನೂ ಅದರ ಮಾಲೀಕ ಲೀಲಾಧರನೇ. ಕಂಪ್ಯೂಟರಿನ ಕೆಲಸ ಸುಗುಣಳದು. ಆದರೆ ಫ್ಲೆಕ್ಸಿನ ದಿನ ಅವಳು ರಜೆಯಲ್ಲಿದ್ದಳು. ಗಂಡ ಸುಧಾಕರ ತೀರಿಕೊಂಡು ಅಂದಿಗೆ ವರ್ಷವಾಗಿತ್ತು.

"ಬಟ್ಟೆ ಮೇಲ್ ಕೆಸರಿನ ಕಲೆ ಇತ್ತ್," ಎಂದ ಲೀಲಾಧರ. "ಫ್ಲೆಕ್ಸಿಗೆ ಚೆಂದ ಕಾಂತಿಲ್ಲ ಅಂದೇಳಿ ಉಜ್ಜಿ ತೆಗ್ದೆ. ನೀರ್ ಒಂಚೂರ್ ಜಾಸ್ತಿ ಮಾಡಿದೆ. ನಮ್ಮ ಕಿಟ್ಟ ಅಲ್ದಾ?"

ಕಿಟ್ಟ ಬೆಂಚಿನ ಮೇಲೆ ಕುಸಿದ. "ಲೀಲಣ್ಣ, ನೀವ್ ಉಜ್ಜಿದ್ದ್ ನನ್ನ ಸಾಕ್ಷಿ."

"ಮೊದಲಿನ ಫೋಟೋ ಎಲ್ಲಿತ್ತ್?" ಸುಗುಣ ಕೇಳಿದಳು.

"ಅದ್ರ ಮೇಲೇ ಸೇವ್ ಕೊಟ್ಟೆ."

ಸುಗುಣಳಿಗೆ ಒಂದು ಕ್ರಮವಿತ್ತು. ಕ್ಯಾಮೆರಾದ ಕಾರ್ಡ್ ಬಂದ ಕೂಡಲೇ ಎಲ್ಲವನ್ನೂ 'ಮೂಲ' ಎಂಬ ಫೋಲ್ಡರಿಗೆ ಹಾಕಿ, ಯಾರೂ ತಿದ್ದದಂತೆ ಟಿಕ್ ಹಾಕಿಡುತ್ತಿದ್ದಳು. ತಿದ್ದಲು ಕೂತಾಗ ಮಾತ್ರ ಅದರ ಒಂದು ಪ್ರತಿ 'ಕೆಲಸ' ಫೋಲ್ಡರಿಗೆ. ತಿದ್ದಿ ಮುಗಿದದ್ದು 'ಕೊಡುವುದು' ಫೋಲ್ಡರಿನಲ್ಲಿ, ಗಿರಾಕಿಯ ಹೆಸರು, ಫೋಟೋದ ಅಳತೆ ಸಮೇತ. ಅಲ್ಲಿಂದ ಯಾವುದೂ ಹಿಂದಕ್ಕೆ ಹೋಗಕೂಡದು. "ಒಂದ್ ಮದುವಿಗೆ ಮೂರ್ ಮದುವಿ ಜಾಗ ತಿಂತೆ," ಎಂದು ಲೀಲಾಧರ ಗೊಣಗುತ್ತಿದ್ದ. ಅವಳು ಕ್ರಮ ಬಿಡುತ್ತಿರಲಿಲ್ಲ.

ಸುಧಾಕರ ಸತ್ತಾಗ ಮನೆಯವರು ಅವನ ಒಂದು ಫೋಟೋವನ್ನು ಬೇರೊಂದು ಸ್ಟುಡಿಯೋಗೆ ಕೊಟ್ಟಿದ್ದರು. ಅಲ್ಲಿ ಅವನಿಗೆ ಕೋಟು, ಟೈ ಹಾಕಿ ಅದರ ಮೇಲೇ ಸೇವ್ ಮಾಡಿದರು. ಲುಂಗಿ ಎತ್ತಿ ಕಟ್ಟಿಕೊಂಡು ನಿಂತಿದ್ದ ಫೋಟೋ ಅದು. ಈಗ ಮನೆಯ ಗೋಡೆಯಲ್ಲಿ ಕೋಟು ಹಾಕಿದ ಯಾರೋ ಇದ್ದಾನೆ.

ಅವಳು 'ಮೂಲ' ತೆರೆದಳು. ಅಲ್ಲಿಯೂ ನಿಶಾನೆ ಬೆಳ್ಳಗಿತ್ತು.

"ಟಿಕ್ ಯಾರ್ ತೆಗ್ದದ್ದ್?"

"ಸೇವ್ ಆತಿಲ್ಲ ಅಂತ್ ಬಂತ್. ನಾನೇ ತೆಗ್ದೆ," ಲೀಲಾಧರನ ದನಿ ಇಳಿಯಿತು.

ಕಿಟ್ಟ ಎದ್ದು ಬಾಗಿಲಿಗೆ ಹೋದ.

"ಕೂತ್ಕೊ," ಎಂದಳು ಸುಗುಣ. ಮೇಜಿನಡಿಯಿಂದ ಒಂದು ಬಿಸ್ಕಿಟ್ ಡಬ್ಬಿ ಎಳೆದಳು. ಒಳಗೆ ಸಿಡಿಗಳು, ಪ್ರತಿಯೊಂದರ ಮೇಲೂ ಅವಳ ಅಕ್ಷರದಲ್ಲಿ ತಾರೀಕು.

"ಇದ್ ಯಾವಾಗ ಮಾಡ್ದೆ?" ಲೀಲಾಧರ ಬೆರಗಾದ.

"ಕಾರ್ಡ್ ಬಂದ ದಿನವೇ. ಎಲ್ಲ ಕಾರ್ಡಿಗೂ ಮಾಡ್ತೆ. ನೀವ್ ದಂಡ ಅಂತ್ರಿ ಅಂದೇಳಿ ಹೇಳ್ಲಿಲ್ಲ."

ಸಿಡಿ ಗಿರ್ರೆಂದು ತಿರುಗಿತು, ನಿಂತಿತು. ಪರದೆಯ ಮೇಲೆ ಏನೂ ಬರಲಿಲ್ಲ. ಸುಗುಣ ಅದನ್ನು ಹೊರತೆಗೆದು, ಸೆರಗಿನಿಂದ ನಡುವಿನಿಂದ ಅಂಚಿಗೆ ಮೆಲ್ಲಗೆ ಒರೆಸಿ ಮತ್ತೆ ಹಾಕಿದಳು.

ಈ ಸಲ ತೆರೆಯಿತು. ಮುನ್ನೂರ ನಲವತ್ತೇಳನೆಯ ಫೋಟೋ. ಆಕಾಶ ಮಸುಕು. ನೀರು ಮೋಡ ಮುಟ್ಟಿರಲಿಲ್ಲ. ಆದರೆ ಅದರ ತುದಿ ನಿಶಾನೆಯಲ್ಲಿತ್ತು, ಅಲ್ಲೇ ಅಂಗೈಯಗಲ ಕೆಂಪು ಒದ್ದೆ, ಕೆಳಗೆ ತೊಟ್ಟಿಕ್ಕುವ ಒಂದು ಹನಿ.

ಕಿಟ್ಟ ಪರದೆಯನ್ನು ಒಂದು ಬೆರಳಿನಿಂದ ಮುಟ್ಟಿದ.

ಮರುದಿನ ಕೊರಗ ಶೆಟ್ಟರ ಮನೆಯ ಜಗಲಿಗೆ ಟಿವಿ ತಂದಿಟ್ಟು, ಡಿವಿಡಿ ಪ್ಲೇಯರಿಗೆ ಸುಗುಣ ತಾನೇ ಸಿಡಿ ಹಾಕಿದಳು. ಅಂಗಳದಲ್ಲಿ ನಿಲ್ಲಲು ಜಾಗವಿರಲಿಲ್ಲ. ಒದ್ದೆ ನಿಶಾನೆ ಕಂಡದ್ದೇ ಗದ್ದಲವೆದ್ದಿತು.

"ತಡೀನಿ," ರಾಜೀವ ಕೈಯೆತ್ತಿದ. "ಇದೂ ಕಂಪ್ಯೂಟರಿದ್ದೇ ಅಲ್ದಾ? ನಿನ್ನೆ ಬಟ್ಟೆ ಬಿಳಿ, ಇವತ್ತ್ ಕೆಂಪ್! ನಾಳೆ ಹಸ್ರ್ ಮಾಡ್ತ್ರಿಯಾ?"

ಜನ ನಕ್ಕರು. ಕಿಟ್ಟನ ಕಿವಿ ಕೆಂಪಾಯಿತು.

ಸುಗುಣ ರಿಮೋಟ್ ಒತ್ತಿ ಹಿಂದಿನ ಫೋಟೋಗಳಿಗೆ ಹೋದಳು. "ಇದ್ ಯಾರ್ ಕೋಣ, ರಾಜೀವಣ್ಣ?"

"ನನ್ನದೇ."

"ನಿಮ್ಮ ನೀರ್ ಎಲ್ಲಿಗೆ ಬಂದಿತ್ತ್?"

ರಾಜೀವ ಗಂಟಲು ಸರಿಮಾಡಿಕೊಂಡ. "ಒಂದ್ ಮೊಳ ಕೆಳಗೆ."

"ಬಟ್ಟೆ?"

"ಬಿಳಿ."

ಮುಂದಿನದು ಒತ್ತಿದಳು. ಕಿಟ್ಟನ ಕೋಣಗಳು ದೂರದಲ್ಲಿ, ಬಟ್ಟೆ ಬಿಳಿ. ಇನ್ನೊಂದು. ಕೋಣಗಳು ಹತ್ತಿರ, ಬಟ್ಟೆ ಬಿಳಿ. ಮುನ್ನೂರ ನಲವತ್ತೇಳು. ಒದ್ದೆ. ಅದರ ಮುಂದಿನದರಲ್ಲಿ ಕೋಣಗಳು ದಾಟಿ ಹೋಗಿದ್ದವು, ಬಟ್ಟೆ ಕೆಂಪಾಗಿಯೇ ಇತ್ತು.

"ಈ ಸಿಡಿಗೆ ಒಂದ್ ಸಲ ಬರ್ದ್ರೆ ಮತ್ತೆ ತಿದ್ದುಕ್ ಆತಿಲ್ಲ," ಎಂದಳು ಸುಗುಣ. "ಕಂಬಳದ ದಿನ ಬರ್ದದ್ದ್. ತಾರೀಕು ಒಳಗೂ ಇತ್ತ್, ಕಂಪ್ಯೂಟರಿಗೆ ಹಾಕಿ ಕಾಣ್ಲಕ್ಕ್. ಫ್ಲೆಕ್ಸ್ ಮಾಡಿದ್ದ್ ಹನ್ನೆರಡ್ ದಿನ ಕಳ್ದ್ ಮೇಲೆ."

ಕೊರಗ ಶೆಟ್ಟರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿ ಟಿವಿಯ ಹತ್ತಿರ ಬಗ್ಗಿ ನೋಡಿದರು. "ನೀರ್ ತಾಗಿದ್ದ್ ಹೌದ್. ಗೆಲುವ್ ಕಿಟ್ಟಂದೇ. ರಾಜೀವ, ಎಂತ ಹೇಳ್ತೆ?"

ರಾಜೀವ ಬಹಳ ಹೊತ್ತು ನೋಡಿದ. ಕೊನೆಗೆ ತಲೆ ಕೆರೆದುಕೊಂಡ. "ತಾಗಿದ್ದ್ ಹೌದ್ ಶೆಟ್ರೆ. ಅಲ್ಲ ಹೆಣ್ಣೆ, ನನ್ನ ಕೋಣ ಚೆಂದ ಬಂದಿತ್ತಲೇ. ಅದ್ರದ್ದೊಂದ್ ಕಾಪಿ ಸಿಕ್ಕತ್ತಾ?"

"ಸಿಕ್ಕತ್ತ್. ಕಾಪಿ ಮಾತ್ರ."

ಅಂಗಳವೆಲ್ಲ ಕೂಗಾಯಿತು. ಯಜಮಾನರೇ ಮುಂದೆ ಬಂದು ಕಿಟ್ಟನ ಹೆಗಲಿಗೆ ಕೈ ಹಾಕಿದರು. ಯಾರೋ ಇಬ್ಬರು ಅವನನ್ನು ಎತ್ತಿ ಕುಣಿದರು. "ಬಿಡಿನಿ, ಬೀಳ್ತೆ!" ಎಂದು ಕೋಣಗಳ ಹಿಂದೆ ಹೆದರದವನು ಕಿರುಚಿದ.

ಮರುವಾರ ಪೇಟೆಯಲ್ಲಿ ಹೊಸ ಫ್ಲೆಕ್ಸ್ ಎದ್ದಿತು. ಮಸುಕು ಆಕಾಶ, ಇದ್ದಷ್ಟೇ ನೀರು, ನಿಶಾನೆಯ ಮೇಲೆ ಕೆಂಪು ಒದ್ದೆ. ಬಸ್ಸಿಗೆ ಕಾಯುವವರು ಆ ಒದ್ದೆಯನ್ನೇ ಬೆರಳು ಮಾಡಿ ತೋರಿಸುತ್ತಿದ್ದರು. ಲೀಲಾಧರ ಐವತ್ತು ಖಾಲಿ ಸಿಡಿಗಳ ಕಟ್ಟೊಂದನ್ನು ತಂದು ಸುಗುಣಳ ಮೇಜಿನ ಮೇಲಿಟ್ಟ.

ಸಂಜೆ ಕಿಟ್ಟ ಸೋಡಾ ಹಿಡಿದುಕೊಂಡು ಬಂದ. ಅವಳನ್ನು ಕರೆದೊಯ್ದು ಫ್ಲೆಕ್ಸಿನ ಕೆಳಗೆ ನಿಲ್ಲಿಸಿದ. ತಲೆಯೆತ್ತಿ ನೋಡಿದ. ಮೇಲಿನ ಕಿಟ್ಟ ಗುಹೆಯಷ್ಟು ಬಾಯಿ ತೆರೆದಿದ್ದ, ಮೂಗಿನ ತುದಿಯಲ್ಲಿ ಕೆಸರು.

"ಸುಗುಣಕ್ಕ, ಎಲ್ಲ ಸಮ ಇತ್ತ್. ಈ ಬಾಯೊಂದ್ ಚೂರ್ ಮುಚ್ಚುಕ್ ಆತಿಲ್ಯಾ?"

"ಆತಿಲ್ಲ," ಎಂದಳು ಸುಗುಣ. ನಗು ಅಷ್ಟು ಜೋರಾಗಿ ಬಂದದ್ದು ಅವಳಿಗೇ ಆಶ್ಚರ್ಯವಾಯಿತು.