ಕೆಳಗಿನ ಓಣಿಯ ಆರಾಧನೆ

ಸಪ್ನಾ ಮದುವೆಯಾಗಿ ಬೈಲಹೊಂಗಲದಿಂದ ರಾಮದುರ್ಗಕ್ಕೆ ಬರುವ ಮೊದಲೇ ಅವಳ ಹಾಡಿನ ಸುದ್ದಿ ಊರು ಮುಟ್ಟಿತ್ತು. ಸಂದೀಪ ಪಾಸ್ಟರ್ ಮದುವೆಯಾಗುವ ಹುಡುಗಿಯ ಕಂಠ ಎಂಥದ್ದೆಂದು ಸಭೆಯವರೆಲ್ಲ ಮಾತಾಡಿಕೊಂಡಿದ್ದರು. ಆದರೆ ವರ್ಷ ತುಂಬುವುದರೊಳಗೆ ಹಾಡು ಭಾನುವಾರಕ್ಕಷ್ಟೇ ಉಳಿಯಿತು. ಮಿಕ್ಕ ದಿನವೆಲ್ಲ ನೀರು, ಒಲೆ, ಬಟ್ಟೆ, ಬಂದುಹೋಗುವವರಿಗೆ ಚಹಾ. ಮುಂಜಾನೆ ಬೈಬಲ್ ತೆರೆದು ಕುಳಿತರೆ ಹಾಲಿನವನು ಕೂಗುತ್ತಿದ್ದ. ಮಲಗುವ ಮುಂಚೆ ತೆರೆದರೆ ಕಣ್ಣು ತಾನಾಗಿ ಮುಚ್ಚುತ್ತಿತ್ತು. ದೇವರ ಹೊತ್ತನ್ನೆಲ್ಲ ಪಾತ್ರೆಗಳೇ ತಿಂದುಹಾಕುತ್ತಿವೆ ಎಂದು ಅವಳಿಗೆ ಒಳಗೊಳಗೇ ಸಿಟ್ಟು.

ಅತ್ತೆ ರಾಯವ್ವನಿಗೆ ಓದು ಬಾರದು. ಪ್ರಾರ್ಥನೆಗೆಂದೇ ಆಕೆ ಬೇರೆ ಕುಳಿತದ್ದನ್ನು ಸಪ್ನಾ ಕಂಡದ್ದೂ ಅಪರೂಪ. ಆದರೆ ರೊಟ್ಟಿ ಬಡಿಯುವಾಗ ಆಕೆಯ ತುಟಿ ಅಲುಗುತ್ತಲೇ ಇರುತ್ತಿತ್ತು. ತನ್ನ ಮೇಲೆಯೇ ಏನೋ ಗೊಣಗುತ್ತಿರಬೇಕು ಎಂದು ಸಪ್ನಾ ಬಗೆದಿದ್ದಳು. ಒಂದು ದಿನ ಹಿಟ್ಟು ಕೊಡಲು ಹತ್ತಿರ ಹೋದಾಗ ಮಾತು ಕಿವಿಗೆ ಬಿತ್ತು.

“ಈ ರೊಟ್ಟಿ ಸಂದೀಪಂದು, ತಂದಿ ದೇವರ. ಅವನ ಬಾಯಿಂದ ಯಾರ ಮನಸ್ಸೂ ನೋಯದಂಗ ನೋಡ್ಕೊ. ಇದು ಸಪ್ನಾಂದು. ತವರು ನೆನಸಿ ಸೊರಗ್ಯಾಳ ಹುಡುಗಿ. ಆಕಿನ್ನ ಗಟ್ಟಿ ಮಾಡು.”

ಸಪ್ನಾಳ ಕೈಯಲ್ಲಿದ್ದ ಹಿಟ್ಟು ಹಾಗೆಯೇ ಉಳಿಯಿತು. “ದಿನಾ ಹಿಂಗ ಮಾಡ್ತೀರೇನತ್ತಿ?”

“ಮತ್ತ್ಯಾವಾಗ ಮಾಡ್ಲಿ? ಕೈ ಮಾಡೂ ಕೆಲಸನ ಅವಗ ಒಪ್ಪಸಿ ಬಿಡತೇನಿ. ಅಂಗಿ ಒಗಿಯೂವಾಗ ಅದನ್ನ ತೊಡಾವ್ನ ನೆನಸತೇನಿ. ಕಸಾ ಹೊಡಿಯೂವಾಗ ಮನಿಗೆ ಬಂದು ಹೋದೋರನ್ನ ನೆನಸತೇನಿ. ಕೆಲಸಾನೂ ಆಕ್ಕೈತಿ, ಮಾತೂ ಆಕ್ಕೈತಿ.”

ಆ ಮಾತು ಸಪ್ನಾಳ ಮನಸ್ಸನ್ನು ಮುಟ್ಟಿತು. ಆದರೂ ಆರಾಧನೆ ಎಂದರೆ ಅವಳ ಪಾಲಿಗೆ ಪ್ರಾರ್ಥನಾ ಮಂದಿರ, ಹಾರ್ಮೋನಿಯಂ, ಒಗೆದ ಸೀರೆ, ಎದುರಿಗೆ ಕುಳಿತ ಸಭೆ.

ಆ ವರ್ಷ ಮಲಪ್ರಭೆ ಉಕ್ಕಿ ಕೆಳಗಿನ ಓಣಿಗಳಿಗೆ ನುಗ್ಗಿತು. ಮನೆ ಬಿಟ್ಟು ಬಂದವರಿಗೆ ಸಂದೀಪ ಮಂದಿರದ ಬಾಗಿಲು ತೆರೆದ. ಶನಿವಾರ ಸಂಜೆಗೆ ನೀರು ಇಳಿಯಿತು. ಭಾನುವಾರ ಬೆಳಿಗ್ಗೆ ಸಪ್ನಾ ಹೋಗಿ ನೋಡಿದರೆ ಮಂದಿರದ ತುಂಬ ಹಾಸಿಗೆ, ಜೋಳದ ಚೀಲ, ಮಲಗಿದ ಮಕ್ಕಳು.

“ಹಾರ್ಮೋನಿಯಂ ಇಡಾಕೂ ಜಾಗಾ ಇಲ್ಲ. ಆರಾಧನಿ ಎಲ್ಲಿ ಮಾಡೂದ್ರಿ?” ಎಂದು ಗಂಡನನ್ನು ಕೇಳಿದಳು.

ಸಂದೀಪ ಯೋಚಿಸುತ್ತ ನಿಂತಿರುವಾಗಲೇ ರಾಯವ್ವ ಸೆರಗು ಬಿಗಿದು, ಬಕೆಟ್ಟು ಮತ್ತು ಕಸಬರಿಗೆ ಹಿಡಿದು ಹೊರಟಿದ್ದಳು. “ಕೆಸರು ಒಣಗಿದ್ರ ಕಲ್ಲ ಆಕ್ಕೈತಿ. ನಾ ಕೆಳಗಿನ ಓಣಿಗೆ ಹೊಂಟೇನಿ. ಸಭಿಯವ್ರು ಬಂದ್ರ ಅಲ್ಲೇ ಕರಕೊಂಡು ಬಾ.”

ವಯಸ್ಸಾದ ಅತ್ತೆಯನ್ನು ಒಬ್ಬಳನ್ನೇ ಬಿಡಲಾಗದೆ, ಒಲ್ಲದ ಮನಸ್ಸಿನಿಂದ ಸಪ್ನಾ ಹಿಂದೆ ನಡೆದಳು.

ಓಣಿಯ ಮೊದಲ ಮನೆ ಇಂದಿರಾಬಾಯಿಯವರದು. ತಲೆಮಾರುಗಳಿಂದ ಪೌರೋಹಿತ್ಯ ನಡೆಸಿದ ಮನೆತನ. ಮಗ ಭಾರ್ಗವ ತನ್ನ ಔಷಧ ಅಂಗಡಿಯ ಕೆಸರು ತೆಗೆಯಲು ಹೋಗಿದ್ದ. ಇಂದಿರಾಬಾಯಿ ನಡುಮನೆಯಲ್ಲಿ ಯಾವುದಕ್ಕೆ ಮೊದಲು ಕೈ ಹಚ್ಚಬೇಕೆಂದು ತಿಳಿಯದೆ ನಿಂತಿದ್ದರು. ರಾಯವ್ವ ಈ ಮನೆಗೆ ಹೊಸಬಳಲ್ಲ, ಆದರೆ ಇಷ್ಟು ವರ್ಷದಲ್ಲಿ ಹೊಸ್ತಿಲು ದಾಟಿದವಳಲ್ಲ. ರಾಯವ್ವನ ಕೇರಿಯವರು ಯಾರೂ ದಾಟಿರಲಿಲ್ಲ. ಸಪ್ನಾ ಅಂಗಳದಲ್ಲೇ ನಿಂತಳು.

“ಬಾಯಾರ, ಒಳಗ ಬರ್ಲ್ಯಾ?” ಎಂದಳು ರಾಯವ್ವ.

ಇಂದಿರಾಬಾಯಿ ಅವಳ ಕೈಯ ಕಸಬರಿಗೆ ನೋಡಿದರು, ಮುಖ ನೋಡಿದರು. “ಬರ್ರಿ. ಕೆಸರು ಕೇಳದನ ಒಳಗ ಬಂದದ. ನಿಮ್ಮನ್ಯಾಕ ಹೊರಗ ನಿಲ್ಲಸಲಿ?”

ಅಡುಗೆಮನೆಯ ಕೆಸರನ್ನು ರಾಯವ್ವ ಮೂಲೆಯಿಂದ ಬಳಿದು ತೆಗೆಯುತ್ತ ಬಂದಳು. ದೇವರ ಮಾಡದ ಹತ್ತಿರ ಬಂದಾಗ ಕೈ ನಿಲ್ಲಿಸಿ, “ಇದನ್ನ ನೀವ ತೊಳ್ಕೋರಿ, ನಾ ನೀರು ಕೊಡತೇನಿ” ಎಂದಳು. ಇಂದಿರಾಬಾಯಿ ತೊಳೆದರು, ರಾಯವ್ವ ಚರಿಗೆಯಿಂದ ನೀರು ಸುರಿದಳು. ಮತ್ತೆ ನೆಲಕ್ಕೆ ಕುಳಿತಾಗ ತುಟಿ ಅಲುಗತೊಡಗಿತು.

“ಏನ ಹೇಳ್ಕೊಳ್ಳಿಕ್ಕೆ ಹತ್ತೀರಿ?” ಎಂದು ಇಂದಿರಾಬಾಯಿ ಕೇಳಿದರು.

“ನಮ್ಮ ಯೇಸುಸ್ವಾಮಿಗ್ರಿ. ಈ ಮನಿ ಒಲಿ ಲಗೂನ ಹೊತ್ತಲಿ, ಇಲ್ಲಿ ಉಂಡೋರು ನಗಲಿ ಅಂತ. ನಿಮಗ ಸರಿ ಬರದಿದ್ರ ಮನಸ್ಸಿನಾಗ ಹೇಳತೇನ್ರಿ.”

ಇಂದಿರಾಬಾಯಿ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡರು. “ಬಾಯಿಬಿಟ್ಟ ಹೇಳ್ರಿ. ನನ್ನ ಮೊಣಕಾಲಿಂದೂ ಒಂದು ಮಾತು ಹಾಕ್ರಿ.” ಇಬ್ಬರೂ ನಕ್ಕರು.

ಹಿತ್ತಲಿನಲ್ಲಿ ಸಪ್ನಾ ಬೂದಿ ಹಚ್ಚಿ ಪಾತ್ರೆ ತಿಕ್ಕುತ್ತಿದ್ದಳು. ಒಂದು ತಾಮ್ರದ ಹಂಡೆಯ ಒಳಗೆಲ್ಲ ಹೊಳೆಯ ರಾಡಿ ಅಂಟಿತ್ತು. ಇದರ ಬಿಸಿನೀರಿನಲ್ಲಿ ಈ ಮನೆಯ ಎಷ್ಟು ಮಕ್ಕಳು ಮಿಂದಿರಬೇಕು ಎಂದುಕೊಂಡಳು. ಅವರೆಲ್ಲ ಎಲ್ಲಿದ್ದರೂ ಚೆನ್ನಾಗಿರಲಿ ಎಂದು ಬಾಯಿಗೆ ಬಂತು. ಆ ಮಾತೇ ಸ್ವರ ಹಿಡಿದು ನಿಧಾನಕ್ಕೆ ಹಾಡಾಯಿತು. ಒಳಗಿನ ಕಸಬರಿಗೆಯ ಸದ್ದು ನಿಂತಾಗ ಎಚ್ಚೆತ್ತು ಅವಳೂ ನಿಲ್ಲಿಸಿದಳು.

“ಯಾಕ ನಿಲ್ಲಿಸಿದಿ, ಮಗಳ? ಹಾಡು” ಎಂದರು ಇಂದಿರಾಬಾಯಿ, ಒಳಗಿನಿಂದಲೇ.

ಅವಳು ಹಾಡಿದಳು. ಮೊಣಕೈತನಕ ಬೂದಿ, ಸೀರೆಯೆಲ್ಲ ರಾಡಿ. ಮಂದಿರದಲ್ಲಿ ಎಂದೂ ಇಲ್ಲದಷ್ಟು ಹಗುರಾಗಿತ್ತು ಎದೆ. ಅಷ್ಟರಲ್ಲಿ ಸಲಿಕೆ, ಬುಟ್ಟಿ ಹಿಡಿದ ಸಭೆಯವರೊಂದಿಗೆ ಸಂದೀಪ ಬಂದ. ಹೊಸ್ತಿಲಲ್ಲಿ ತಡವರಿಸಿ ನಿಂತವನಿಗೆ ಸಪ್ನಾ ಹಿತ್ತಲಿನಿಂದ ಬಂದು ಹೇಳಿದಳು: “ಚಪ್ಪಲಿ ಬಿಟ್ಟು ಬರ್ರಿ. ಆರಾಧನಿ ಸುರು ಆಗೇತಿ.”

ಹೊತ್ತು ಇಳಿಯುವವರೆಗೆ ಅವರು ಮನೆಯಿಂದ ಮನೆಗೆ ಹೋದರು. ಸಂಜೆ ಮನೆ ಮುಟ್ಟಿದ ಮೇಲೆ ರಾಯವ್ವ ಕಟ್ಟೆಗೆ ಒರಗಿದವಳು ಅಲ್ಲೇ ನಿದ್ದೆಹೋದಳು. ಕಾಲಿನ ಕೆಸರು ಒಣಗಿ ಬಿರುಕುಬಿಟ್ಟಿತ್ತು. ಸಪ್ನಾ ನೀರು ಕಾಸಿ ತಂದು, ಕೆಳಗೆ ಕುಳಿತು, ಆ ಪಾದಗಳನ್ನು ಮೆಲ್ಲಗೆ ತೊಳೆಯತೊಡಗಿದಳು. ರಾಯವ್ವ ಎಚ್ಚರವಾಗಿ ಕಾಲು ಎಳೆದುಕೊಳ್ಳಲು ನೋಡಿದಳು. ಸೊಸೆಯ ಮುಖ ಕಂಡು ಹಾಗೆಯೇ ಬಿಟ್ಟಳು.

“ನೀರು ಬೆಚ್ಚಗೈತಿ” ಎಂದಷ್ಟೇ ಅಂದು, ಇನ್ನೊಂದು ಕಾಲನ್ನೂ ಮುಂದೆ ಚಾಚಿದಳು.