ಐದನೆಯ ಚೂರು

ಬಕೆಟ್ಟಿನ ನೀರಿನ ಮೇಲೆ ಅದು ಮತ್ತೆ ತೇಲುತ್ತಿತ್ತು. ಅಕ್ಕಿಕಾಳಿಗಿಂತ ಸಣ್ಣದು, ತೆಳ್ಳಗೆ, ಒಂದು ಅಂಚು ಮಡಚಿಕೊಂಡಂತೆ. ಹುಡುಗಿ ತಂಬಿಗೆ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ಬಗ್ಗಿ ನೋಡಿದಳು. ಸೋಪಿನ ಚಕ್ಕೆ. ಬೆರಳಿನಿಂದ ತೆಗೆದು ಗೋಡೆಗೆ ಒರೆಸಿದಳು. ನೀರು ಅಲುಗಾಡಿ ಸುಮ್ಮನಾಯಿತು. ಸುಮ್ಮನಾದ ಮೇಲೂ ಅದು ಅಲ್ಲೇ ಇದೆ ಅನ್ನಿಸಿತು.

ಗುರುವಾರದಿಂದ ಹೀಗೇ. ಹಾಲಿನ ಕೆನೆಯಲ್ಲಿ, ಅಕ್ಕಿ ತೊಳೆದ ನೀರಿನಲ್ಲಿ, ಬೆಳಿಗ್ಗೆ ದೇವರಿಗೆ ಕೈಮುಗಿದು ಕಣ್ಣು ಮುಚ್ಚಿದರೆ ಆ ಕತ್ತಲಲ್ಲೂ. ಇವತ್ತು ಭಾನುವಾರ. ಇನ್ನೆರಡು ದಿನ ಉಳಿದಿತ್ತು.

ಹೊರಗೆ ಸೋದರಮಾವನ ದನಿ ಕೇಳಿಸುತ್ತಿತ್ತು. ಹುಡುಗಿಗೆ ಆಸ್ಪತ್ರೆಯಲ್ಲಿ ಕೆಲಸ ಆಗುತ್ತದಂತೆ ಎಂದು ಅಮ್ಮ ಬೀದಿಗೆಲ್ಲ ಸಾರಿಯಾಗಿತ್ತು. ಅವಳು ತಲೆ ಒರೆಸಿಕೊಳ್ಳುತ್ತ ಬಂದಾಗ ಮಾವ ಕಾಲಮೇಲೆ ಕಾಲು ಹಾಕಿ ಕೂತಿದ್ದ.

“ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ಮತ್ತೆ ನಾಲ್ಕು ವರ್ಷ ಏನೇ ಓದಿದ್ದು ನೀನು?”

“ಲ್ಯಾಬ್ ಕಣೋ,” ಅಮ್ಮನೇ ಉತ್ತರಿಸಿದಳು. “ಡಾಕ್ಟರು ಮೈಯಿಂದ ಚೂರು ತೆಗೆದು ಕೊಡ್ತಾರೆ. ಇವಳು ಅದನ್ನ ಮೇಣದಲ್ಲಿ ಕೂರಿಸಿ, ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಕೊಯ್ದು, ಗಾಜಿನ ಮೇಲೆ ಇಡ್ತಾಳೆ. ಅದನ್ನ ನೋಡಿದ ಮೇಲೇನೇ ಕಾಯಿಲೆ ಏನು ಅಂತ ಹೇಳೋದು.”

“ಹಾಗಂದ್ರೆ ತರಕಾರಿ ಹೆಚ್ಚೋ ಕೆಲಸ ಅನ್ನು!” ಮಾವ ತೊಡೆ ತಟ್ಟಿಕೊಂಡು ನಕ್ಕ. “ಸದ್ಯ, ಆರಾಮದ ಕೆಲಸ. ತಪ್ಪಾದ್ರೂ ಕೇಳೋರಿಲ್ಲ. ಅಲ್ವೇನೇ?”

“ಹೌದು ಮಾವ,” ಎಂದಳು ಹುಡುಗಿ. “ಯಾರಿಗೂ ಗೊತ್ತಾಗಲ್ಲ.”

ತನ್ನ ಬಾಯಿಂದ ಬಂದ ಆ ಮಾತು ಕಿವಿಗೆ ಬಿದ್ದದ್ದೇ ತಡ, ಅವಳು ಒದ್ದೆ ಬಟ್ಟೆ ಒಣಹಾಕುವ ನೆಪದಲ್ಲಿ ಹಿತ್ತಲಿಗೆ ಹೋದಳು.

*

ಲ್ಯಾಬಿನಲ್ಲಿ ಅವಳಿಗೆ ಕೆಲಸ ಕಲಿಸಿದವರು ಮೇಣದಪ್ಪ. ಮೂವತ್ತು ವರ್ಷ ಮೇಣದ ಅಚ್ಚುಗಳ ನಡುವೆ ಕಳೆದದ್ದಕ್ಕೆ ಆಸ್ಪತ್ರೆ ಇಟ್ಟ ಹೆಸರು ಅದು. ಓದು ಹತ್ತನೇ ಕ್ಲಾಸು, ಕೈ ಮಾತ್ರ ದೇವರು ಕೊಟ್ಟದ್ದು. ಕಾಲೇಜಿನಿಂದ ಇಂಟರ್ನ್‌ಶಿಪ್ಪಿಗೆ ಬಂದ ಇವಳನ್ನು ಮೊದಲ ದಿನವೇ “ಬಾಮ್ಮ ಡಿಗ್ರಿಯಮ್ಮ” ಎಂದು ಕರೆದು, ಪುಸ್ತಕದಲ್ಲಿ ಒಂದೇ ಸಾಲಿನಲ್ಲಿದ್ದದ್ದನ್ನು ಅರ್ಧ ದಿನ ತೋರಿಸಿದ್ದರು.

ಕೊಯ್ಯುವ ಯಂತ್ರದ ಹಿಡಿ ತಿರುಗಿಸಿದರೆ ಅಲಗಿನ ಮೇಲಿಂದ ಚೂರಿನ ಸಮೇತ ಮೇಣದ ತೆಳುಪಟ್ಟಿ ಇಳಿದು ಬರುತ್ತದೆ. ಅದನ್ನು ಬೆಚ್ಚನೆಯ ನೀರಿನ ತಟ್ಟೆಯ ಮೇಲೆ ಹಾಸಬೇಕು. ಸುಕ್ಕು ಬಿಡಿಸಿಕೊಂಡು ಅದು ತೇಲುವಾಗ ಕೆಳಗಿಂದ ಗಾಜು ತೂರಿಸಿ ಎತ್ತಬೇಕು. ಎತ್ತಿದ ಮೇಲೆ, ಇನ್ನೊಬ್ಬರ ಅಚ್ಚು ಮುಟ್ಟುವ ಮುಂಚೆ, ನೀರಿನ ಮೇಲೆ ಒಂದು ಕಾಗದದ ತುಂಡು ಎಳೆದು ಶುಚಿ ಮಾಡಬೇಕು.

“ಈ ನೀರಿಗೆ ಇಳಿಯೋ ಒಂದೊಂದು ಚೂರೂ ಒಬ್ಬೊಬ್ಬರ ಮನೆಯದು,” ಎಂದಿದ್ದರು ಮೇಣದಪ್ಪ. “ಹಿಂದೆ ಉಳಿದದ್ದು ಸುಮ್ನೆ ಕೂರಲ್ಲಮ್ಮ. ಮುಂದಿನವರ ಮನೆಗೆ ನುಗ್ಗುತ್ತೆ.”

“ದೆವ್ವದ ಕಥೆ ಹೇಳಿದ ಹಾಗೆ ಹೇಳ್ತೀರಲ್ಲ ಸರ್!”

“ದೆವ್ವಾನೇ. ದೆವ್ವ ಅಂದ್ರೆ ಇನ್ನೇನು, ಮನೆ ತಪ್ಪಿದ್ದು ತಾನೇ?”

ಗುರುವಾರ ಮಧ್ಯಾಹ್ನ ಅವಳು ವಾರ್ಡಿನ ಒಬ್ಬ ಅಜ್ಜಿಯ ಎದೆಗಡ್ಡೆಯ ಪಟ್ಟಿ ಎತ್ತಿ ಮುಗಿಸಿದ್ದಳು. ಕಾಗದ ಹರಿದು ಕೈಯಲ್ಲಿ ಹಿಡಿದಿದ್ದಳು. ಆಗ ಲ್ಯಾಬಿನ ಸ್ಲೈಡು ನೋಡಿ ರಿಪೋರ್ಟ್ ಬರೆಯುವ ಡಾಕ್ಟರಮ್ಮ ಬಾಗಿಲಲ್ಲಿ ಇಣುಕಿ, “ಇಂಟರ್ನ್‌ಶಿಪ್ ಮುಗಿದ ಮೇಲೆ ಇಲ್ಲೇ ಇರು. ನಿನ್ನ ಹೆಸರು ಬರೆದು ಕಳಿಸಿದೀನಿ,” ಎಂದು ಹೋದರು. ಹುಡುಗಿಗೆ ನೆಲ ಕಾಣಲಿಲ್ಲ. ಅದೇ ಉಮೇದಿನಲ್ಲಿ ಮುಂದಿನ ಅಚ್ಚು ಕೂರಿಸಿದಳು, ಪಟ್ಟಿ ಹಾಸಿದಳು. ಗಾಜು ಎತ್ತುವಾಗ ಬದಿಯಿಂದ ಏನೋ ತೇಲಿ ಬಂದು ಅಂಟಿಕೊಂಡಂತೆ ಕಣ್ಣಂಚಿಗೆ ಕಂಡಿತು. ಬೆಳಕಿನಾಟ ಇರಬೇಕು ಅಂದುಕೊಂಡಳು. ಸಂಜೆ ಮೇಜು ಒರೆಸುವಾಗ ಆ ಕಾಗದದ ತುಂಡು ಸಿಕ್ಕಿತು. ಒಂದು ಹನಿಯೂ ತಾಗದೆ ಒಣಗಿಯೇ ಇತ್ತು.

ಶುಕ್ರವಾರ ಆ ಅಜ್ಜಿ ತೀರಿಕೊಂಡಳೆಂದು ವಾರ್ಡಿನಿಂದ ಚೀಟಿ ಬಂತು.

ಶನಿವಾರ ಆ ಮುಂದಿನ ಅಚ್ಚಿನ ಹೆಂಗಸು ರಿಪೋರ್ಟಿಗೆ ಬಂದಳು. ಬಸ್ ಕಂಡಕ್ಟರ್. ಡ್ಯೂಟಿಯ ಬಟ್ಟೆಯಲ್ಲೇ ಇದ್ದಳು, ಎಡಹೆಗಲಿಗೆ ತೊಗಲಿನ ಚೀಲ.

“ಏನಮ್ಮ ತಾಯಿ, ನಂಗೆ ಎಲ್ಲಿವರೆಗೆ ಟಿಕೆಟ್ ಹರಿದಿದೀರ? ಕೊನೇ ಸ್ಟಾಪಿಗಾ, ನಡುವೆ ಇಳಿಸ್ತೀರಾ?”

ಕವರು ಒಡೆದು ಕ್ಯಾನ್ಸರ್ ಎಂಬುದನ್ನು ಓದಿದ ಮೇಲೂ ಅವಳ ಮುಖದಲ್ಲಿ ಆ ನಗು ಸ್ವಲ್ಪ ಹೊತ್ತು ಹಾಗೇ ಉಳಿಯಿತು, ದೀಪ ಆರಿಸುವುದನ್ನು ಮರೆತ ಮನೆಯ ಹಾಗೆ. ಶಸ್ತ್ರಚಿಕಿತ್ಸೆಯ ಡಾಕ್ಟರ ಕೋಣೆಗೆ ಹೋಗಿ ಬಂದು, “ಮಂಗಳವಾರ ಎದೆ ತೆಗೆದುಬಿಡ್ತಾರಂತೆ. ಚೀಲ ನೇತುಹಾಕೋ ಕಡೆಯದೇ,” ಎಂದಳು, ಯಾರನ್ನೂ ನೋಡದೆ.

ಅವಳು ಹೋದ ಮೇಲೆ ಹುಡುಗಿ ದಫ್ತರು ತೆಗೆದಳು. ಬುಧವಾರ ಆ ಹೆಂಗಸಿನ ಹೆಸರಿನೆದುರು ತಾನೇ ಬರೆದದ್ದು: ‘ಚೂರುಗಳು, ನಾಲ್ಕು.’ ಸ್ಲೈಡನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಗುಲಾಬಿ ಬಣ್ಣದಲ್ಲಿ ಸಾಲಾಗಿ ನಾಲ್ಕು. ಪಕ್ಕದಲ್ಲಿ ಐದನೆಯದು, ಅಂಚು ಮಡಚಿಕೊಂಡು.

ಚೂರು ಮುರಿದು ನಾಲ್ಕು ಐದಾಗುವುದುಂಟು. ಡಾಕ್ಟರಮ್ಮನೂ ಹಾಗೇ ಅಂದುಕೊಂಡಿರಬೇಕು. ಕಾಗದ ಒಣಗಿತ್ತೆಂಬುದು ಇಡೀ ಲೋಕದಲ್ಲಿ ಇವಳೊಬ್ಬಳಿಗೇ ಗೊತ್ತಿತ್ತು. ಹೇಳಿದರೆ ಕೆಲಸ ಹೋಗುತ್ತದೆ, ಸರ್ಟಿಫಿಕೇಟೂ ಹೋಗಬಹುದು. ಹೇಳದಿದ್ದರೆ ಮಂಗಳವಾರ ಬರುತ್ತದೆ.

*

ಸೋಮವಾರ ಬೆಳಿಗ್ಗೆ ಮೇಣದಪ್ಪ ಅಲಗು ಒರೆಸುತ್ತಿದ್ದರು. ಅವಳು ಎದುರು ನಿಂತು ಎಲ್ಲ ಹೇಳಿದಳು. ಅವರು ತಲೆ ಎತ್ತಲಿಲ್ಲ.

“ಕಾಗದ ಎಳೆದೆಯಾ ಇಲ್ಲವಾ, ಅಷ್ಟು ಹೇಳು.”

“ಇಲ್ಲ ಸರ್.”

“ನಡಿ ಮತ್ತೆ.”

ಡಾಕ್ಟರಮ್ಮ ಸ್ಲೈಡನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಬಹಳ ಹೊತ್ತು ನೋಡಿದರು. “ಕಾಯಿಲೆ ಇರೋದು ಈ ಒಂದರಲ್ಲೇ. ಮುರಿದದ್ದೂ ಇರಬಹುದಲ್ಲ?”

“ಇರಬಹುದು ಮೇಡಂ. ಆದ್ರೆ ನಾನು ಕಾಗದ ಎಳೀಲಿಲ್ಲ.”

ಡಾಕ್ಟರಮ್ಮ ಫೋನ್ ಎತ್ತಿ ಮಂಗಳವಾರದ್ದನ್ನು ತಡೆಯಲು ಹೇಳಿದರು. ಕಂಡಕ್ಟರ್ ಹೆಂಗಸಿನ ಮೇಣದ ಅಚ್ಚನ್ನು ಮತ್ತೆ ತರಿಸಿದರು. ಯಂತ್ರದ ಮುಂದೆ ಮೇಣದಪ್ಪ ಕೂರುತ್ತಾರೆಂದು ಹುಡುಗಿ ಪಕ್ಕಕ್ಕೆ ಸರಿದಳು. ಅವರು ಸ್ಟೂಲನ್ನು ಅವಳತ್ತ ತಳ್ಳಿದರು.

“ನೀನೇ ಕೊಯ್ಯಿ.”

“ಕೈ ನಡುಗ್ತಿದೆ ಸರ್.”

“ನಡುಗಲಿ. ನಡುಗೋ ಕೈ ಮರೆಯಲ್ಲ.”

ನೀರು ಹೊಸದು. ಅದರ ಮೇಲೆ ಅವಳ ಮುಖ ಬಿದ್ದಿತ್ತು. ಆ ಮುಖದ ಹಿಂದೆ ಇನ್ನೊಂದು ಮುಖ, ಕಂಡಿರದ ಅಜ್ಜಿಯದು, ಗೊತ್ತಿಲ್ಲದ ಬೀದಿಯಲ್ಲಿ ಕದ ತಟ್ಟುತ್ತ ನಿಂತವರದಂತೆ. ಹುಡುಗಿ ಮನಸ್ಸಿನಲ್ಲೇ ದೇವರನ್ನು ನೆನೆದು ಹಿಡಿ ತಿರುಗಿಸಿದಳು. ಪಟ್ಟಿ ಇಳಿಯಿತು, ತೇಲಿತು. ನಾಲ್ಕು. ಇನ್ನೂ ಆಳಕ್ಕೆ ಕೊಯ್ದಾಗ ನಾಲ್ಕು. ಮೂರನೆಯ ಸಲವೂ ನಾಲ್ಕೇ. ಬಣ್ಣ ಹಾಕಿ ಕೊಟ್ಟಾಗ ಮಧ್ಯಾಹ್ನವಾಗಿತ್ತು.

“ಇವಳದು ನಾಲ್ಕೂ ಶುದ್ಧ,” ಎಂದರು ಡಾಕ್ಟರಮ್ಮ. ಆಮೇಲೆ ಅಜ್ಜಿಯ ಸ್ಲೈಡನ್ನು ಪಕ್ಕದಲ್ಲಿಟ್ಟು ಐದನೆಯದನ್ನು ಹೋಲಿಸಿ ನೋಡಿದರು. ಅದು ಅಜ್ಜಿಯದೇ. ಕನ್ನಡಕ ತೆಗೆದು ಕಣ್ಣೊತ್ತಿಕೊಂಡರು. “ಎಣಿಸಬೇಕಾದವಳು ನಾನೂ ಹೌದು, ಸಹಿ ನನ್ನದು. ಅದಕ್ಕೆ ನಾನು ಉತ್ತರ ಕೊಡ್ತೀನಿ. ನಿನ್ನ ಹೆಸರು ಕಳಿಸಿದ್ದನ್ನ ವಾಪಸ್ ತಗೋತೀನಿ. ಇನ್ನೂ ಆರು ತಿಂಗಳು ಇವರ ಪಕ್ಕ ನಿಂತು ಕಲಿ. ಆ ಹೆಂಗಸಿಗೆ ಹೇಳೋವಾಗ ನೀನೂ ಇರಬೇಕು.”

ಕಂಡಕ್ಟರ್ ಸಂಜೆ ಬಂದಳು. ಎಲ್ಲ ಕೇಳಿ ಮುಗಿಯುವ ತನಕ ಚೀಲದ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಬಯ್ಯುತ್ತಾಳೆಂದು ಹುಡುಗಿ ಕಾದಳು. ಬಯ್ದಿದ್ದರೆ ಹಗುರಾಗುತ್ತಿತ್ತು.

“ನಿನ್ನೆಯೆಲ್ಲ ಮಗಳಿಗೆ ತನ್ನ ಜಡೆ ತಾನೇ ಹಾಕಿಕೊಳ್ಳೋದು ಕಲಿಸಿದೆ,” ಎಂದಳು ಕೊನೆಗೆ. “ಚೆನ್ನಾಗೇ ಹಾಕ್ಕೊಂಡ್ಳು. ಅದನ್ನ ನೋಡಿ ಅಳು ಬಂತು. ಇನ್ನು ಹೋಗಿ ಬಿಚ್ಚಿ ನಾನೇ ಹಾಕ್ತೀನಿ.”

ಬಾಗಿಲ ತನಕ ಹೋದವಳು ತಿರುಗಿ ನಿಂತಳು. “ಆ ಇನ್ನೊಂದು ಚೂರಿನೋರು, ಯಾರಮ್ಮ?”

“ಅದನ್ನ ಹೇಳೋ ಹಾಗಿಲ್ಲ,” ಎಂದರು ಡಾಕ್ಟರಮ್ಮ.

“ಇದಾರಾ?”

ಮೇಣದಪ್ಪ ಇಲ್ಲವೆಂದು ತಲೆಯಾಡಿಸಿದರು. ಕಂಡಕ್ಟರ್ ಚೀಲ ಕೆಳಗಿಟ್ಟು, ಮೇಜಿನ ಮೇಲಿದ್ದ ಗಾಜಿನ ಕಡೆಗೆ ಕೈಮುಗಿದು, ಚೀಲ ಎತ್ತಿಕೊಂಡು ಹೊರಟುಹೋದಳು.

ಮೇಣದಪ್ಪ ಆ ಸ್ಲೈಡಿನ ಐದನೆಯ ಚೂರಿನ ಸುತ್ತ ಗಾಜು ಗೀರುವ ಪೆನ್ಸಿಲಿನಿಂದ ಸಣ್ಣ ವೃತ್ತ ಹಾಕಿದರು. ಪಕ್ಕದಲ್ಲಿ ಅಜ್ಜಿಯ ನಂಬರು ಬರೆಯಲು ಪೆನ್ಸಿಲನ್ನು ಹುಡುಗಿಗೆ ಕೊಟ್ಟರು.

ಕೆಲಸ ತಪ್ಪಿದ್ದು ಕೇಳಿ ಅಮ್ಮ ಅಂದು ರಾತ್ರಿಯಿಂದ ಮೂರು ದಿನ ಅವಳೊಡನೆ ಮಾತು ಬಿಟ್ಟಳು. ಮಂಗಳವಾರ ಬೆಳಿಗ್ಗೆ ಬಕೆಟ್ಟಿನ ನೀರು ಬರೀ ನೀರಾಗಿತ್ತು. ಆದರೂ ಹುಡುಗಿ ತಂಬಿಗೆ ಹಿಡಿದು ಅದು ಸುಮ್ಮನಾಗುವ ತನಕ ಕಾದಳು, ಯಾರಾದರೂ ಉಳಿದಿದ್ದಾರೇನೋ ಎಂದು.